ಒಲ್ಲೆವ್ವನ ದಿಬ್ಬ

ಕೋಟೆಹಾಳದಿಂದ ಕರೆಬನ್ನಿಗೆ ಹೋಗುವ ಬಸ್ಸು ಊರ ನಿಲ್ದಾಣ ಮುಟ್ಟುವ ಮುಂಚೆ ಹಳ್ಳದ ಸೇತುವೆಯ ಹತ್ತಿರ ಒಮ್ಮೆ ನಿಲ್ಲುತ್ತದೆ. ಕಂಡಕ್ಟರು 'ಒಲ್ಲೆವ್ವ, ಒಲ್ಲೆವ್ವ' ಎಂದು ಕೂಗಿದಾಗ ಹೊಸಬರು ಯಾವುದೋ ಅಮ್ಮನ ಗುಡಿ ಇರಬೇಕೆಂದು ಕಿಟಕಿಯಿಂದ ಇಣುಕುತ್ತಾರೆ. ಗುಡಿ ಇಲ್ಲ. ಗೋಪುರವಿಲ್ಲ, ಗಂಟೆಯಿಲ್ಲ, ಪೂಜಾರಿಯೂ ಇಲ್ಲ. ಹಳ್ಳದ ದಂಡೆಗೆ ಆಳೆತ್ತರದ ಒಂದು ಮಣ್ಣಿನ ದಿಬ್ಬ, ಅದರ ಮೇಲೆ ಮೊಣಕಾಲೆತ್ತರದ ಒಂದು ಕಟ್ಟೆ. ದಿಬ್ಬದ ಇಳುಕಲಿನಲ್ಲಿ ಕಡೆದ ಉದ್ದನೆಯ ಕಲ್ಲುಗಳು ಅಡ್ಡಾದಿಡ್ಡಿ ಬಿದ್ದಿವೆ. ಕೆಲವುಗಳ ಮೇಲೆ ಇಂಗ್ಲಿಷ್ ಅಕ್ಷರಗಳು, ಕೆಲವುಗಳ ಮೇಲೆ ಮರಾಠಿಯ ಮೋಡಿ ಲಿಪಿ, ಒಂದರ ಮೇಲೆ ಬರೀ ಬಾಣದ ಗುರುತು. ಎಲ್ಲವೂ ಗಡಿಕಲ್ಲುಗಳೇ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಸರ್ಕಾರಗಳು ಗಾಡಿಯ ಮೇಲೆ ಹೇರಿಸಿ ತಂದವು. ಅವುಗಳಲ್ಲಿ ಒಂದೂ ಈಗ ನಿಂತಿಲ್ಲ.

ಕೋಟೆಹಾಳ ತಾಲೂಕು ಎಂಬುದು ಇಂದಿನ ಯಾವ ನಕ್ಷೆಯಲ್ಲೂ ಕಾಣುವುದಿಲ್ಲ. ಬಿಳಿಯರ ಸರ್ಕಾರ ಈ ಎರೆನೆಲದ ಸೀಮೆಗೆ ಬಂದ ಹೊಸದರಲ್ಲಿ ಹಳೆಯ ಪಾಳೆಯಪಟ್ಟಿನ ಹಳ್ಳಿಗಳನ್ನೆಲ್ಲ ಕೂಡಿಸಿ ಅದನ್ನು ಕಟ್ಟಿತು. ಕೋಟೆಹಾಳದಲ್ಲಿ ಕಚೇರಿ ಇಟ್ಟಿತು. ಕಟ್ಟಿದ ಮೇಲೆ ಸುಮ್ಮನಿರಲಿಲ್ಲ. ಬಡಗಣ ಹೋಬಳಿಯನ್ನು ನೆರೆಯ ಸಂಸ್ಥಾನಕ್ಕೆ ಬಿಟ್ಟುಕೊಟ್ಟು ಬದಲಿಗೆ ಮೂಡಣ ಹಳ್ಳಿಗಳನ್ನು ಪಡೆಯಿತು. ಕೊಟ್ಟದ್ದು ತಪ್ಪಾಯಿತೆಂದು ತಿರುಗಿ ತೆಗೆದುಕೊಂಡಿತು. ಇಡೀ ತಾಲೂಕನ್ನು ಒಂದು ಪ್ರಾಂತ್ಯದಿಂದ ಕಿತ್ತು ಇನ್ನೊಂದಕ್ಕೆ ಅಂಟಿಸಿತು. ಕೊನೆಗೆ ತಾಲೂಕನ್ನೇ ಒಡೆದು ಅಕ್ಕಪಕ್ಕದವರಿಗೆ ಹಂಚಿ ಕೈತೊಳೆದುಕೊಂಡಿತು. ಹಳೆಯ ಕಚೇರಿಯ ಕಟ್ಟಡದಲ್ಲಿ ಈಗ ದನದ ಆಸ್ಪತ್ರೆ ನಡೆಯುತ್ತದೆ. ಆದರೂ ಸುತ್ತಲಿನ ಹಳ್ಳಿಗಳ ಮುದುಕರನ್ನು ನಿಮ್ಮ ತಾಲೂಕು ಯಾವುದೆಂದು ಕೇಳಿದರೆ ಕೋಟೆಹಾಳ ಎಂದೇ ಹೇಳುತ್ತಾರೆ. ಈ ಎಳೆದಾಟದ ನಡುವೆ ಕರೆಬನ್ನಿ ಎಂಬ ಊರು ಎರಡಾಗದೆ ಉಳಿದದ್ದು ಹೇಗೆ ಎಂಬುದೇ ಈ ದಿಬ್ಬದ ಹೆಸರಿನ ಕಥೆ.

ಹಿಂದೆ ಒಮ್ಮೆ, ತಾಲೂಕು ಹುಟ್ಟಿ ಇನ್ನೂ ಒಂದು ತಲೆಮಾರು ಕಳೆದಿರಲಿಲ್ಲ, ಆ ಕಾಲದಲ್ಲಿ ಕರೆಬನ್ನಿಯಲ್ಲಿ ತಳವಾರರ ಮನೆತನದ ಭರಮವ್ವ ಎಂಬ ಹೆಣ್ಣುಮಗಳಿದ್ದಳು ಎನ್ನುತ್ತಾರೆ. ಊರು ಆಗಲೂ ಈಗಿನಂತೆಯೇ ಹಳ್ಳದ ಎರಡು ದಂಡೆಗೆ ಹರಡಿಕೊಂಡಿತ್ತು. ಗೌಡರ ವಾಡೆ ಇದ್ದದ್ದು ಈಚೆಕೇರಿ, ಹಳ್ಳ ದಾಟಿದರೆ ಆಚೆಕೇರಿ. ಊರ ಮೇಲುಗಡೆ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ಕೆರೆ. ಏರಿಯ ಆ ತುದಿಗೊಂದು ಈ ತುದಿಗೊಂದು ತೂಬು, ಎರಡೂ ಕೇರಿಯ ಗದ್ದೆಗಳಿಗೆ ಅದೇ ನೀರು. ಭರಮವ್ವನ ಗಂಡ ಊರ ತಳವಾರನಾಗಿದ್ದು ಹಾವು ಕಚ್ಚಿ ತೀರಿಕೊಂಡಿದ್ದ. ಗಂಡುಮಕ್ಕಳಿಲ್ಲದ ಕಾರಣ ಮನೆತನಕ್ಕೆ ಬಿಟ್ಟಿದ್ದ ಮಾನ್ಯದ ಹೊಲವನ್ನೂ, ಮನೆತನದ ಕರ್ತವ್ಯವನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು. ಒಬ್ಬಳೇ ಮಗಳು ಸಂಕವ್ವನನ್ನು ಆಚೆಕೇರಿಗೆ ಕೊಟ್ಟಿದ್ದಳು. ಜಗಳಗಂಟಿಯಲ್ಲ, ಮಾತೇ ಕಡಿಮೆ. ಸಂತೆಯಲ್ಲಿ ವ್ಯಾಪಾರಿ ಹೇಳಿದ ದರಕ್ಕೆ ಒಪ್ಪಿ ಬರುವವಳೆಂದು ನೆರೆಯ ಹೆಂಗಸರು ನಗುತ್ತಿದ್ದರಂತೆ.

ಆ ಸೀಮೆಯಲ್ಲಿ ಗಡಿಕಲ್ಲು ನಿಲ್ಲಿಸುವುದಕ್ಕೆ ಒಂದು ಪದ್ಧತಿಯಿತ್ತು. ಕಲ್ಲನ್ನು ಯಾರು ಬೇಕಾದರೂ ತರಬಹುದು, ಯಾರು ಬೇಕಾದರೂ ಹೂಳಬಹುದು. ಆದರೆ ತಳವಾರರ ಮನೆಯ ಹಿರಿಯ ಹೆಣ್ಣು ಊರ ಕೆರೆಯಿಂದ ಕೊಡ ತುಂಬಿ ತಂದು ಅದರ ಮೇಲೆ ನೀರು ಸುರಿಯಬೇಕು. ಸುರಿಯುತ್ತ, ಎಲ್ಲರಿಗೂ ಕೇಳುವಂತೆ, 'ಈ ಕಲ್ಲಿನಾಚೆ ನಮ್ಮದಿಲ್ಲ, ನಮ್ಮವರಿಲ್ಲ' ಎನ್ನಬೇಕು. ಆಗಲೇ ಅದು ಗಡಿ. ಅಲ್ಲಿಯವರೆಗೆ ದನ ಮೈ ಉಜ್ಜಿಕೊಳ್ಳುವ ಕಲ್ಲು. ಬಿಳಿಯ ದೊರೆಗಳು ಮೊದಲು ಇದಕ್ಕೆ ಕಿವಿಗೊಡಲಿಲ್ಲ. ಬೇರೆ ಹಳ್ಳಿಗಳಲ್ಲಿ ಆಳುಗಳಿಂದ ಕಲ್ಲು ನೆಡಿಸಿ ಹೋದರು. ಮುಂದಿನ ಬಿತ್ತನೆಯ ಹೊತ್ತಿಗೆ ರೈತರು ಅವನ್ನು ಕಿತ್ತು ಬದುವಿಗೆ ಎಸೆದಿದ್ದರು. ಹಾಗಾಗಿ ಕರೆಬನ್ನಿಯ ಸರದಿ ಬಂದಾಗ ಕೋಟೆಹಾಳದ ಕಚೇರಿಯ ಪೇಷ್ಕಾರ ಭುಜಂಗರಾಯರು, ಊರ ಪದ್ಧತಿಯಲ್ಲೇ ಮಾಡಿಸೋಣ, ಆಗ ಜನ ತಾವೇ ಕಟ್ಟುಬೀಳುತ್ತಾರೆ ಎಂದು ದೊರೆಗೆ ಸಲಹೆ ಕೊಟ್ಟರು. ಭುಜಂಗರಾಯರು ಕೆಟ್ಟ ಮನುಷ್ಯರಲ್ಲ. ಜಗಳವಿಲ್ಲದೆ ಕೆಲಸ ಮುಗಿಯಲಿ ಎಂಬುದೇ ಅವರ ಆಸೆಯಾಗಿತ್ತು.

ಚಾವಡಿಯಲ್ಲಿ ಊರು ಸೇರಿತು. ಹಳ್ಳವೇ ಇನ್ನು ಗಡಿ, ಆಚೆಕೇರಿ ಸಂಸ್ಥಾನಕ್ಕೆ ಸೇರುತ್ತದೆ, ಈಚೆಕೇರಿ ಕೋಟೆಹಾಳ ತಾಲೂಕಿನಲ್ಲಿ ಉಳಿಯುತ್ತದೆ ಎಂದು ರಾಯರು ತಿಳಿಸಿದರು. ಜನ ಗೌಡರ ಮುಖ ನೋಡಿದರು. ವಿರೂಪನಗೌಡರು ತಲೆಯಾಡಿಸಿದರು. ಅವರಿಗೆ ವಿಷಯ ಮೊದಲೇ ಗೊತ್ತಿತ್ತು. ಗೌಡರು ಒಪ್ಪಿದ ಮೇಲೆ ಬೇರೆಯವರು ಬಾಯಿ ತೆರೆಯಲಿಲ್ಲ. ರಾಯರು ಕಂಬದ ಮರೆಯಲ್ಲಿ ನಿಂತಿದ್ದ ಭರಮವ್ವನನ್ನು ಮುಂದಕ್ಕೆ ಕರೆಸಿದರು.

"ಭರಮವ್ವ, ಅಮಾವಾಸ್ಯೆ ಕಳೆದ ಮೇಲೆ ಕಲ್ಲು ನಿಲ್ಲಿಸುತ್ತೇವೆ. ನಿನ್ನ ಕೈಯಿಂದ ನೀರು ಬೀಳಬೇಕು, ಬಾಯಿಂದ ಆ ಮಾತು ಬರಬೇಕು. ಅಷ್ಟೇ ಕೆಲಸ."

"ಕೆರಿ ಯಾವ ಕಡಿ ಹೋಗತೈತ್ರಿ, ರಾಯರ?"

"ಕೆರೆಯ ಹತ್ತಿರ ಗೆರೆ ಸ್ವಲ್ಪ ಸುತ್ತಿಕೊಂಡು ಹೋಗುತ್ತದೆ. ಕೆರೆ ಪೂರ್ತಿ ನಮ್ಮಲ್ಲೇ ಉಳಿಯುತ್ತದೆ."

"ಹಂಗಾರ ಆಚೆಕೇರಿಯವರ ನೀರು?"

ರಾಯರು ಗೌಡರತ್ತ ನೋಡಿ, "ಅದನ್ನು ಮೇಲಿನವರು ಕೂತು ತೀರ್ಮಾನಿಸುತ್ತಾರೆ" ಎಂದರು. ಭರಮವ್ವ ಮತ್ತೇನೂ ಕೇಳದೆ ಸೆರಗು ಸರಿಪಡಿಸಿಕೊಂಡು ಹೊರಟುಹೋದಳು. ಸುಮ್ಮನೆ ಹೋದದ್ದನ್ನು ಎಲ್ಲರೂ ಒಪ್ಪಿಗೆ ಎಂದೇ ಎಣಿಸಿದರು.

ಅವಳು ಒಪ್ಪಿರಲಿಲ್ಲ, ಒಲ್ಲೆ ಎನ್ನುವ ಧೈರ್ಯವೂ ಇನ್ನೂ ಬಂದಿರಲಿಲ್ಲ. ಮನೆಗೆ ಬಂದು ಬೀಸುಕಲ್ಲಿನ ಮುಂದೆ ಕೂತಳು. ಜೋಳ ಬೀಸುತ್ತ ಬೀಸುತ್ತ ಆ ಮಾತನ್ನು ಬಾಯಲ್ಲೇ ಹೇಳಿಕೊಂಡು ನೋಡಿದಳು. 'ನಮ್ಮದಿಲ್ಲ' ಎಂಬುದು ಹೇಗೋ ಬಂತು. ಆಚೆಯ ಗದ್ದೆ ಅವಳದಲ್ಲವಲ್ಲ. 'ನಮ್ಮವರಿಲ್ಲ' ಎಂಬಲ್ಲಿಗೆ ಬಂದಾಗ ಬೀಸುಕಲ್ಲು ತಾನಾಗಿ ನಿಂತಿತು. ಮತ್ತೆ ಮೊದಲಿಂದ ಹೇಳಿದಳು, ಮತ್ತೆ ಅಲ್ಲಿಗೇ ನಿಂತಿತು. ಹೊಸ ಸೊಸೆಯಾಗಿದ್ದಾಗ ಅವಳ ಅತ್ತೆ ಊರ ಮೂಡಲ ಮೇರೆಯ ಕಲ್ಲಿಗೆ ನೀರು ಹಾಕಿದ್ದನ್ನು ಅವಳು ನೋಡಿದ್ದಳು. ಆ ಮೇರೆಯ ಆಚೆ ಬರೀ ಕಲ್ಲುಗುಡ್ಡ ಇತ್ತು, ಮನುಷ್ಯರಿರಲಿಲ್ಲ. ಆದರೂ ಆ ಮಾತು ಆಡುವಾಗ ಅತ್ತೆ ಮುಖವನ್ನು ಊರ ಕಡೆ ತಿರುಗಿಸಿಕೊಂಡಿದ್ದಳು. ಮನೆಗೆ ಬಂದ ಮೇಲೆ ಅತ್ತೆ, ಇದು ಬರೇ ನೀರು ಹಾಕೋ ಕೆಲಸ ಅಲ್ಲ ಭರಮಿ, ಮುಂದ ಏನಾದ್ರೂ ಆದ್ರ ನೀರು ಹಾಕಿದ ಕೈನ ಜವಾಬು ಕೊಡಬೇಕು ಎಂದಿದ್ದಳು.

ಮರುದಿನ ಗೌಡರೇ ಅವಳ ಅಂಗಳಕ್ಕೆ ಬಂದರು. ಚಾವಡಿಯಲ್ಲಿ ಅವಳು ಕೆರೆಯ ಮಾತೆತ್ತಿದ್ದು ಅವರಿಗೆ ಹಿಡಿಸಿರಲಿಲ್ಲ. ಅಂಗಳದಲ್ಲಿ ಹಾಸಿದ ಕಂಬಳಿಯ ಮೇಲೆ ಕೂರದೆ ನಿಂತೇ ಮಾತಾಡಿದರು. "ಮಾನ್ಯದ ಹೊಲ ಇರೋದು ತಳವಾರಿಕಿ ಮಾಡೋ ಮನೀಗೆ. ತಳವಾರಿಕಿ ಮಾಡದಿದ್ರ ಹೊಲ ಯಾಕ? ಅಷ್ಟು ನೆನಪಿಟ್ಟುಕೋ."

"ನಿಮ್ಮ ತಂಗೀನ್ನೂ ಆಚೆಕೇರಿಗೇ ಕೊಟ್ಟೀರಿ, ಗೌಡ್ರ."

"ಆಕಿ ಗಂಡಗ ಕೋಟೆಹಾಳದಾಗೂ ಹೊಲ ಅದಾವು. ನಿನ್ನ ಅಳಿಯಗ ಎಲ್ಲೆದಾವು? ಅದನ್ನ ನೋಡಿಕೊಂಡು ಮಾತಾಡು."

ಗೌಡರು ಬೆದರಿಸಿದ್ದಕ್ಕಿಂತ ಹೆಚ್ಚಾಗಿ ಅವಳನ್ನು ಕಲಕಿದ್ದು ಸ್ವಂತ ಮಗಳ ಮಾತು. ಅಂದು ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಹಳ್ಳದಲ್ಲಿ ಬಟ್ಟೆ ಒಗೆಯಲು ಬಂದಿದ್ದ ಸಂಕವ್ವ ತಾಯಿಯನ್ನು ಕಂಡು ಬಟ್ಟೆ ಅಲ್ಲೇ ಬಿಟ್ಟು ಬಂದಳು. ಗೌಡರು ಬಂದದ್ದು ಆಗಲೇ ಆಚೆಕೇರಿಗೆ ಮುಟ್ಟಿತ್ತು. "ಹೇಳಿಬಿಡಬೇ, ಅವ್ವ. ಹೊಲ ಹೋದ್ರ ಏನು ತಿಂತೀ? ನಾನೇನು ಅದನ್ನ ಮನಸಿಗೆ ಹಚ್ಚಿಕೊಳ್ಳಂಗಿಲ್ಲ. ಬರೇ ಒಂದು ಮಾತು" ಎಂದಳು. ಭರಮವ್ವ ಮಗಳ ಒದ್ದೆ ಕೈಯನ್ನು ತನ್ನ ಸೆರಗಿನಿಂದ ಒರೆಸಿದಳು. ಆಮೇಲೆ, "ಬರೇ ಮಾತಾಗಿದ್ರ ಅವರು ಅಷ್ಟು ದೂರದಿಂದ ಬಂದು ನನ್ನ ಕೇಳತಿರಲಿಲ್ಲ" ಎಂದಳು. ಅಲ್ಲಿಗೆ ಅವಳಿಗೆ ತನ್ನ ಉತ್ತರ ಸಿಕ್ಕಿತು ಎನ್ನುತ್ತಾರೆ.

ಕಲ್ಲು ನಿಲ್ಲಿಸುವ ದಿನ ಹಳ್ಳದ ಎರಡೂ ದಂಡೆ ಜನರಿಂದ ಕಿಕ್ಕಿರಿದಿತ್ತು. ಈಗ ದಿಬ್ಬವಿರುವ ಜಾಗದಲ್ಲಿ ಗುಂಡಿ ತೋಡಿದ್ದರು, ಪಕ್ಕದಲ್ಲಿ ಕಲ್ಲು ಮಲಗಿತ್ತು. ದೊರೆ ಕುದುರೆಯ ಮೇಲಿದ್ದ. ಭರಮವ್ವ ಮಿಂದು, ಮಡಿಸೀರೆ ಉಟ್ಟು, ಕೆರೆಯಿಂದ ಕೊಡ ತುಂಬಿಕೊಂಡು ಬಂದಾಗ ಗೌಡರ ಮುಖ ಅರಳಿತು. ಹಲಗೆಯವರು ಬಾರಿಸುವುದನ್ನು ನಿಲ್ಲಿಸಿ ದಾರಿ ಬಿಟ್ಟರು. ಅವಳು ಕಲ್ಲಿನ ಹತ್ತಿರ ಬಂದಳು, ನಿಲ್ಲಲಿಲ್ಲ. ಕಲ್ಲನ್ನು ಬಳಸಿ, ಗುಂಡಿಯನ್ನು ದಾಟಿ, ಸೀರೆಯನ್ನು ಮೊಣಕಾಲಿಗೆ ಎತ್ತಿ ಹಳ್ಳಕ್ಕೆ ಇಳಿದಳು. ನೀರು ಸೀಳಿಕೊಂಡು ಆಚೆ ದಂಡೆ ಹತ್ತಿ ಮಗಳ ಮುಂದೆ ನಿಂತು, "ಬೊಗಸಿ ಹಿಡಿ" ಎಂದಳು. ಸಂಕವ್ವ ಬೆಚ್ಚಿ ಬೊಗಸೆಯೊಡ್ಡಿದಳು. ಭರಮವ್ವ ಅದಕ್ಕೆ ನೀರು ಸುರಿದಳು, ಮಗಳು ಕುಡಿದಳು. ಪಕ್ಕದವಳು ಕೈಯೊಡ್ಡಿದಳು, ಅವಳಿಗೂ ಹೊಯ್ದಳು. ಅವಳ ಪಕ್ಕದ ಮುದುಕ, ಮುದುಕನ ಮೊಮ್ಮಕ್ಕಳು, ಗೌಡರ ತಂಗಿ, ಹೀಗೆ ಕೊಡ ಬರಿದಾಗುವವರೆಗೆ ಆಚೆಕೇರಿಯವರು ತಮ್ಮ ಕೆರೆಯ ನೀರನ್ನು ಅವಳ ಕೈಯಿಂದ ಕುಡಿದರು. ಆಮೇಲೆ ಅವಳು ಬಂದ ದಾರಿಯಲ್ಲೇ ತಿರುಗಿ ಬಂದು, ಬರಿಗೊಡವನ್ನು ಬದಿಗಿಟ್ಟು, ಕಲ್ಲಿಗಾಗಿ ತೋಡಿದ ಗುಂಡಿಯೊಳಗೆ ಇಳಿದು ಕೂತುಬಿಟ್ಟಳು.

"ಭರಮವ್ವ, ಏನಿದು? ಏಳು ಮೇಲೆ," ಎಂದರು ರಾಯರು.

"ಒಲ್ಲೆ."

ದೊರೆ ಅವಳು ಹೇಳಿದ್ದೇನೆಂದು ಕೇಳಿದ. ಭುಜಂಗರಾಯರು ಬೆವರು ಒರೆಸಿಕೊಳ್ಳುತ್ತ, ಈಕೆ ವಿಧವೆ, ಅನಕ್ಷರಸ್ಥೆ, ಸರ್ಕಾರದ ಮೇಲೆ ಗೌರವವುಳ್ಳವಳು, ಯೋಚಿಸಲು ಸ್ವಲ್ಪ ಕಾಲಾವಕಾಶ ಬೇಡುತ್ತಿದ್ದಾಳೆ ಎಂದು ಉದ್ದಕ್ಕೆ ವಿವರಿಸಿದರು. ದೊರೆ ತಿಳಿಗೇಡಿಯಲ್ಲ. "ಅವಳು ಆಡಿದ್ದು ಒಂದೇ ಮಾತು. ಅದರ ಅರ್ಥ ಇಷ್ಟು ಉದ್ದವಿರಲಾರದು" ಎಂದ. ಆಗ ರಾಯರು ಬೇರೆ ದಾರಿ ಕಾಣದೆ ನಿಜ ಹೇಳಿದರು. ನಮ್ಮ ಭಾಷೆಯಲ್ಲಿ ಬೇಡ ಎನ್ನುವುದಕ್ಕೆ ಒಂದು ಮಾತಿದೆ, ಆಗುವುದಿಲ್ಲ ಎನ್ನುವುದಕ್ಕೆ ಒಂದಿದೆ, ಮಾಡುವುದಿಲ್ಲ ಎನ್ನುವುದಕ್ಕೆ ಇನ್ನೊಂದಿದೆ. ಇವಳು ಆ ಮೂರನ್ನೂ ಒಟ್ಟಿಗೆ ಹೇಳಿದ್ದಾಳೆ ಎಂದರು. ದೊರೆ ಕುದುರೆಯಿಂದ ಇಳಿದು ಗುಂಡಿಯ ಅಂಚಿಗೆ ಬಂದು ಅವಳನ್ನು ನೋಡಿದ. ಅವಳೂ ಅವನನ್ನು ನೋಡಿದಳು. ಕಣ್ಣನ್ನು ಕೆಳಗೆ ಹಾಕಲಿಲ್ಲ.

ಸಿಪಾಯಿಗಳು ಅವಳನ್ನು ರಟ್ಟೆ ಹಿಡಿದು ಎತ್ತಿ ಗಾಡಿಗೆ ಹಾಕಿದರು. ಅದೇ ಗುಂಡಿಯಲ್ಲಿ ಕಲ್ಲು ನಿಂತಿತು. ಅದರ ಮೇಲೆ ನೀರೂ ಬೀಳಲಿಲ್ಲ, ಆ ಮಾತನ್ನೂ ಯಾರೂ ಆಡಲಿಲ್ಲ. ಭರಮವ್ವನ ಹೊಲವನ್ನು ಗೌಡರು ತಮ್ಮ ಕಡೆಯವನೊಬ್ಬನಿಗೆ ಕೊಡಿಸಿ ಅವನನ್ನೇ ತಳವಾರನೆಂದು ಕರೆದರು; ಆದರೆ ನೀರು ಹಾಕುವ ಹಕ್ಕು ಭರಮವ್ವನ ಮನೆತನದ್ದೇ ಎಂದು ಊರು ತಿಳಿದಿತ್ತು. ಜನ ತಲೆ ತಗ್ಗಿಸಿ ಮನೆಗೆ ಹೋದರು. ಗಾಡಿಯ ಹಿಂದೆ ಅಳುತ್ತ ಓಡಿದ ಸಂಕವ್ವ ಈಚೆ ದಂಡೆಯಲ್ಲಿ ಕುಸಿದು ಕೂತಾಗ ಅವಳನ್ನು ಎಬ್ಬಿಸಿ ನೀರು ದಾಟಿಸಿದ್ದು ನೀರಗಂಟಿ ಗಾದಿಲಿಂಗ. ಕೆರೆಯ ತೂಬು ತೆರೆಯುವ ಮುಚ್ಚುವ ಕೆಲಸ ಅವನದು.

ಹಿಂಗಾರು ಬಿತ್ತನೆಯ ಹೊತ್ತಿಗೆ ಗೌಡರು ಗಾದಿಲಿಂಗನನ್ನು ಕರೆಸಿ, ಆಚೆ ತೂಬು ಮುಚ್ಚು, ಅದೀಗ ಪರರ ಸೀಮೆ ಎಂದರು. ಗಾದಿಲಿಂಗ ಏರಿಯವರೆಗೆ ನಡೆದುಕೊಂಡು ಹೋದ, ತೂಬಿನ ಮೆಟ್ಟಿಲ ಮೇಲೆ ಕೂತ, ಒಲ್ಲೆ ಎಂದ. ಗೌಡರು ಅವನನ್ನು ಬೈದು ತಮ್ಮ ಮನೆಯ ಆಳನ್ನು ಕಳಿಸಿದರು. ಅವನು ಗಾದಿಲಿಂಗನ ಪಕ್ಕದಲ್ಲಿ ಕೂತು ಬೀಡಿ ಹಚ್ಚಿದ. ಕರೆಯಲು ಹೋದವನಿಗೆ, ನಾನೂ ಒಲ್ಲೆ ಅಂತ ಹೇಳು ಎಂದ. ಆಮೇಲೆ ಈಚೆಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಏರಿಯ ಮೇಲೆ ಬರತೊಡಗಿದರು. ಆಚೆ ತೂಬು ಮುಚ್ಚಿದರೆ ಅವರ ಗದ್ದೆಗೇ ಹೆಚ್ಚು ನೀರು ಬರುತ್ತಿತ್ತು. ಆದರೂ ಬಂದರು, ಕೂತರು. ಚಾವಡಿಯಲ್ಲಿ ಅಂದು ಬಾಯಿ ತೆರೆಯದೆ ನಿಂತದ್ದು ಅವರನ್ನು ಒಳಗೊಳಗೇ ತಿನ್ನುತ್ತಿತ್ತು ಎಂದು ಹಳಬರು ಹೇಳುತ್ತಾರೆ. ಕೊನೆಗೆ ವಿರೂಪನಗೌಡರು ಸಿಟ್ಟಿನಿಂದ ತಾವೇ ಧೋತರ ಮೇಲೆ ಕಟ್ಟಿ ನೀರಿಗಿಳಿದರು. ತೂಬಿನ ಬಾಯಿ ನೀರಿನಡಿ ಇರುತ್ತದೆ, ಮುಳುಗಿ ಗೂಟ ಬಡಿಯಬೇಕು. ಗೌಡರಿಗೆ ಈಜು ಬರುತ್ತಿರಲಿಲ್ಲ. ಎದೆಮಟ್ಟ ನೀರಿನಲ್ಲಿ ಒಂದಷ್ಟು ಹೊತ್ತು ನಿಂತು, ಏರಿಯ ಮೇಲಿನ ತಮ್ಮದೇ ಊರನ್ನು ನೋಡಿದರು. ಯಾರೂ ನಗಲಿಲ್ಲ. ಗಾದಿಲಿಂಗನೇ ಕೈಕೊಟ್ಟು ಅವರನ್ನು ಮೇಲೆತ್ತಿದ. ಆ ವರ್ಷ ಎರಡೂ ಕೇರಿಯ ಗದ್ದೆಗೆ ನೀರು ಹರಿಯಿತು. ಗೌಡರು ಆ ವಿಷಯವಾಗಿ ಮತ್ತೆ ಮಾತೆತ್ತಲಿಲ್ಲ.

ಅತ್ತ ಕೋಟೆಹಾಳದಲ್ಲಿ ಭರಮವ್ವನನ್ನು ಕಚೇರಿಯ ಹಿಂದಿನ ಕೋಣೆಯಲ್ಲಿ ಇಟ್ಟಿದ್ದರು. ಊರಲ್ಲಿ ನಡೆದದ್ದು ಅವಳಿಗೆ ಗೊತ್ತಿರಲಿಲ್ಲ. ತನ್ನ ಮಾತು ಹಳ್ಳದ ನೀರಿನಲ್ಲಿ ಹೋಯಿತೆಂದೇ ಅವಳು ತಿಳಿದಿದ್ದಳು. ಕಿಟಕಿಯಿಂದ ಕಾಣುತ್ತಿದ್ದದ್ದು ಕುದುರೆ ಕಟ್ಟುವ ಜಾಗ ಮಾತ್ರ. ಸಂಕವ್ವನ ಮುಖ ನೆನಪಿಗೆ ಬಂದಾಗಲೆಲ್ಲ ತಾನು ಮಗಳ ಮಾತು ಕೇಳಬೇಕಿತ್ತೇನೋ ಎಂದು ಅನುಮಾನ ಬರುತ್ತಿತ್ತು. ಭುಜಂಗರಾಯರು ಆಗಾಗ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. "ಈಗಲಾದರೂ ಹೂಂ ಎನ್ನು. ಹೊಲ ತಿರುಗಿ ಕೊಡಿಸುತ್ತೇನೆ" ಎನ್ನುತ್ತಿದ್ದರು. ಹೊಲದ ಮಾತು ಬಂದಾಗ ಅವಳ ಕಣ್ಣು ತುಂಬುತ್ತಿತ್ತು. ಗಂಡ ಕಲ್ಲು ಆಯ್ದು ಹಸನು ಮಾಡಿದ ಹೊಲ ಅದು. ಕಣ್ಣೊರೆಸಿಕೊಂಡು ಒಲ್ಲೆ ಎನ್ನುತ್ತಿದ್ದಳು. ಕೆಲವು ಸಲ ಉತ್ತರ ಬರುವ ಮುಂಚೆಯೇ ರಾಯರು ತಿರುಗಿ ಹೋಗುತ್ತಿದ್ದರು.

ಅಷ್ಟರಲ್ಲಿ ಸರ್ಕಾರವೇ ಮನಸ್ಸು ಬದಲಾಯಿಸಿತು. ಸಂಸ್ಥಾನದೊಂದಿಗೆ ಮಾಡಿಕೊಂಡ ಅದಲುಬದಲು ರದ್ದಾಯಿತು. ಬಿಟ್ಟುಕೊಟ್ಟ ಹಳ್ಳಿಗಳು ತಿರುಗಿ ಬಂದವು, ಬಂದ ಹಳ್ಳಿಗಳು ತಿರುಗಿ ಹೋದವು. ತಾಲೂಕಿನ ಕಚೇರಿಯನ್ನು ಬೇರೆ ಊರಿಗೆ ಸಾಗಿಸಲು ಅಪ್ಪಣೆಯಾಯಿತು. ಗಾಡಿಗಳಿಗೆ ಪೆಟ್ಟಿಗೆ, ಮೇಜು, ಕುರ್ಚಿ ಹೇರುವ ಗಲಾಟೆಯಲ್ಲಿ ಹಿಂದಿನ ಕೋಣೆಯಲ್ಲಿದ್ದವಳು ಯಾವ ಲೆಕ್ಕಕ್ಕೆ ಸೇರಿದವಳು ಎಂದು ಯಾರಿಗೂ ತಿಳಿಯಲಿಲ್ಲ. ಅವಳು ನೀರು ಹಾಕಬೇಕಿದ್ದ ಗಡಿಯೇ ಈಗ ಇರಲಿಲ್ಲ. ಕಾವಲಿನ ಸಿಪಾಯಿ ಬಾಗಿಲು ತೆಗೆದು, ಹೋಗಬೇ ಅವ್ವ ನಿನ್ನ ಊರಿಗೆ ಎಂದ.

"ಒಲ್ಲೆ," ಎಂದಳು ಭರಮವ್ವ.

ಸಿಪಾಯಿ ತಬ್ಬಿಬ್ಬಾಗಿ ಪೇಷ್ಕಾರರನ್ನು ಕರೆತಂದ. ರಾಯರು ಬಾಗಿಲಲ್ಲಿ ನಿಂತು ಏನಾಯಿತೆಂದು ಕೇಳಿದರು. ಅವಳು ಎದ್ದು ನಿಂತು, "ಊರೆಲ್ಲ ನೋಡತಿರುವಾಗ ರಟ್ಟಿ ಹಿಡಿದು ಗಾಡಿಗಿ ಹಾಕಿ ತಂದೀರಿ. ಈಗ ಕಳ್ಳೀ ಹಂಗ ಹಿತ್ತಲ ಬಾಗಿಲಲ್ಲೆ ಹೋಗು ಅಂತೀರಿ. ನಾನೇನು ಕದ್ದಿಲ್ಲ. ಹೆಂಗ ತಂದ್ರಿ ಹಂಗ ಬಿಟ್ಟು ಬರ್ರಿ" ಎಂದಳು. ಅವಳು ಅಷ್ಟು ಉದ್ದ ಮಾತಾಡಿದ್ದನ್ನು ರಾಯರು ಅದೇ ಮೊದಲು ಕೇಳಿದ್ದು. ಅವರಿಗೂ ಬೇರೆ ಊರಿಗೆ ವರ್ಗವಾಗಿತ್ತು, ದಾರಿ ಕರೆಬನ್ನಿಯ ಮೇಲೆಯೇ ಹಾಯುತ್ತಿತ್ತು. ತಮ್ಮ ಸ್ವಂತ ಗಾಡಿಯಲ್ಲಿ ಅವಳನ್ನು ಕೂರಿಸಿಕೊಂಡು ಹೊರಟರು.

ದಾರಿಯಲ್ಲಿ ರಾಯರು ಕೇಳಿದರಂತೆ: "ಹೊಲ ಹೋಯಿತು. ಗೆರೆ ಇವತ್ತು ಅಳಿಸಿದೆ, ನಾಳೆ ಇನ್ನೊಬ್ಬ ದೊರೆ ಬಂದು ಮತ್ತೆ ಎಳೆಯುತ್ತಾನೆ. ನಿನಗೆ ದಕ್ಕಿದ್ದಾದರೂ ಏನು?"

"ಬರಲಿ ಬಿಡ್ರಿ, ರಾಯರ. ಬಂದ್ರ ನಾನೂ ಅಲ್ಲೇ ಇರತೀನಿ."

ಹಳ್ಳದ ಹತ್ತಿರ ಗಾಡಿ ನಿಂತಾಗ ಎರಡೂ ಕೇರಿಯವರು ಓಡಿಬಂದರು. ಸಂಕವ್ವ ಗಾಡಿಯ ಗಾಲಿ ಹತ್ತಿಯೇ ತಾಯಿಯನ್ನು ಅಪ್ಪಿಕೊಂಡಳು. ಅವಳ ಹಿಂದಿನಿಂದ ಯಾರೋ ಆಚೆ ತೂಬಿನ ಕಥೆ ಹೇಳತೊಡಗಿದರು. ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಹೇಳಿದರು. ಭರಮವ್ವ ಗಾಡಿಯಲ್ಲಿ ಕೂತಂತೆಯೇ ಎಲ್ಲವನ್ನೂ ಕೇಳಿದಳು. ಗಾದಿಲಿಂಗನ ಕಡೆ ನೋಡಿ ಒಮ್ಮೆ ತಲೆಯಾಡಿಸಿದಳು. ಅವಳು ಕೂತಿದ್ದ ಗುಂಡಿಯಲ್ಲಿ ನಿಂತ ಕಲ್ಲು ಆಗಲೇ ಬಿದ್ದಿತ್ತು. ಎರೆಮಣ್ಣು ಬೇಸಿಗೆಗೆ ಬಿರಿದು ಮಳೆಗೆ ಉಬ್ಬುತ್ತದೆ, ಅಂಥ ಮಣ್ಣಿನಲ್ಲಿ ಆಳದ ಬುನಾದಿ ಇಲ್ಲದೆ ಕಲ್ಲು ನಿಲ್ಲುವುದಿಲ್ಲ ಎಂದು ಓದಿದವರು ಹೇಳುತ್ತಾರೆ. ಊರವರು ಇದನ್ನು ಒಪ್ಪುವುದಿಲ್ಲ. ನೀರು ಕಾಣದ ಕಲ್ಲು ಹೇಗೆ ನಿಂತೀತು ಎನ್ನುತ್ತಾರೆ. ಭುಜಂಗರಾಯರು ಬಿದ್ದ ಕಲ್ಲನ್ನು ನೋಡಿಯೂ ನೋಡದಂತೆ, ಊರ ಸಮಕ್ಷಮ ಅವಳಿಗೆ ಕೈಮುಗಿದು, ಗಾಡಿ ಹೊಡೆಸಿಕೊಂಡು ಹೋದರು.

ಹೊಲವಿಲ್ಲದ ಭರಮವ್ವನಿಗೆ ಮಗಳು ತನ್ನ ಮನೆಗೆ ಬಾ ಎಂದಳು. ಭರಮವ್ವ ಅದಕ್ಕೂ ಒಪ್ಪಲಿಲ್ಲ. ಗುಂಡಿಯ ಮಣ್ಣಿಗೆ ಇನ್ನಷ್ಟು ಮಣ್ಣು ಹಾಕಿ ಎತ್ತರ ಮಾಡಿ, ಅದರ ಮೇಲೆ ಗುಡಿಸಲು ಹಾಕಿಕೊಂಡಳು. ಊರ ಜನ ಎರಡೂ ಕಡೆಯಿಂದ ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದರು, ಹಾಗಾಗಿಯೇ ಅದು ದಿಬ್ಬವಾಯಿತು. ರಾಯರು ಹೇಳಿದಂತೆ ಗೆರೆ ಮತ್ತೆ ಬಂತು. ತಾಲೂಕು ಬೇರೆ ಪ್ರಾಂತ್ಯಕ್ಕೆ ಸೇರಿದಾಗ ಮೋಡಿ ಲಿಪಿಯ ಕಲ್ಲುಗಳು ಬಂದವು. ಅಧಿಕಾರಿಗಳು ಹಳೆಯ ಪದ್ಧತಿಯನ್ನು ಕೇಳಿ ತಿಳಿದು ದಿಬ್ಬಕ್ಕೆ ಬಂದು ಮುದುಕಿಯ ಮುಂದೆ ನಿಂತರು. ಅವಳು ಅವರಿಗೆ ಕೂರಲು ಹೇಳಿ, ಕುಡಿಯಲು ನೀರು ಕೊಟ್ಟು, ಒಲ್ಲೆ ಎಂದಳು. ಇನ್ನೊಂದು ಕಾಲಕ್ಕೆ ಬಾಣದ ಗುರುತಿನ ಕಲ್ಲು ಬಂದಾಗ ಅವಳು ತೀರಿಹೋಗಿದ್ದಳು. ಮನೆತನದಲ್ಲಿ ಬೇರೆ ಹೆಣ್ಣಿಲ್ಲದ್ದರಿಂದ ಆ ಕೊಡ ಈಗ ಸಂಕವ್ವನ ಕೈಗೆ ಬಂದಿತ್ತು. ಹೇಳಿಬಿಡಬೇ ಬರೇ ಒಂದು ಮಾತು ಎಂದಿದ್ದ ಅದೇ ಸಂಕವ್ವ, ಆ ಹೊತ್ತಿಗೆ ತಾನೂ ಮೊಮ್ಮಕ್ಕಳನ್ನು ಕಂಡವಳು, ಬಂದ ಅಧಿಕಾರಿಯ ಮಾತನ್ನು ಕೊನೆಯವರೆಗೂ ಕೇಳದೆ ತಾಯಿಯ ಉತ್ತರವನ್ನೇ ಕೊಟ್ಟಳು. ಕಲ್ಲುಗಳನ್ನು ಹೊತ್ತು ತಂದವರು ತಿರುಗಿ ಹೊತ್ತೊಯ್ಯಲು ಬೇಸರಪಟ್ಟು ಅಲ್ಲೇ ಉರುಳಿಸಿ ಹೋದರು. ಮಕ್ಕಳು ಮೊದಲು ತಮಾಷೆಗೆ ಒಲ್ಲೆವ್ವ ಎಂದು ಕರೆಯುತ್ತಿದ್ದರಂತೆ. ಕ್ರಮೇಣ ಭರಮವ್ವ ಎಂಬ ಹೆಸರು ಊರಿಗೇ ಮರೆತು ಒಲ್ಲೆವ್ವ ಎಂಬುದೇ ಉಳಿಯಿತು. ಆಮೇಲೆ ತಾಲೂಕೂ ಹೋಯಿತು, ಸಂಸ್ಥಾನವೂ ಹೋಯಿತು, ಬಿಳಿಯರೂ ಹೋದರು. ರಾಜ್ಯ ಒಂದಾದಾಗ ಕರೆಬನ್ನಿ ಹೊಸದಾಗಿ ಒಂದಾಗಬೇಕಾಗಿರಲಿಲ್ಲ.

ಗುಡಿಸಲಿದ್ದ ಜಾಗದಲ್ಲಿ ಊರವರು ಕಟ್ಟೆ ಕಟ್ಟಿದರು. ಅದಕ್ಕೆ ಪೂಜೆಯಿಲ್ಲ, ಹರಕೆಯೂ ಇಲ್ಲ. ಆದರೆ ಸುತ್ತಲಿನ ಹಳ್ಳಿಗಳಲ್ಲಿ ಒಂದು ನಡಾವಳಿ ಇಂದಿಗೂ ಇದೆ. ಯಾರಿಗಾದರೂ ಮನೆಯಲ್ಲಿ ಹೇಳಲಾಗದ ಮಾತಿದ್ದರೆ, ಒತ್ತಾಯಕ್ಕೆ ಸಿಕ್ಕಿದ್ದಾರೆಂದು ಅನುಮಾನವಿದ್ದರೆ, ಅವರನ್ನು ಈ ಕಟ್ಟೆಯ ಮೇಲೆ ಕೂರಿಸಿ ಕೇಳುತ್ತಾರೆ. ಅಲ್ಲಿ ಕೂತು ಆಡಿದ ಮಾತನ್ನು ಬದಲಿಸು ಎನ್ನುವ ಹಕ್ಕು ಹೆತ್ತವರಿಗೂ ಇಲ್ಲ, ಊರ ಹಿರಿಯರಿಗೂ ಇಲ್ಲ. ಆಸ್ತಿ ಪಾಲಾಗುವಾಗ ಅಣ್ಣತಮ್ಮಂದಿರು ಬಂದು ಕೂತದ್ದಿದೆ. ಹೆಚ್ಚಾಗಿ ಬರುವವರು ಹೆಣ್ಣುಮಕ್ಕಳು. ಹೋದ ಮಾಘದಲ್ಲೂ ಮೂಡಣ ಹಳ್ಳಿಯೊಂದರಿಂದ ನರ್ಸಿಂಗ್ ಓದುವ ಹುಡುಗಿಯೊಬ್ಬಳನ್ನು ಕರೆತಂದಿದ್ದರು. ವರನ ಕಡೆಯವರು ಜೀಪಿನಲ್ಲಿ ಬಂದಿದ್ದರು. ಸೀರೆ, ಹೂವು, ಹಣ್ಣಿನ ತಟ್ಟೆ ಎಲ್ಲ ಸಿದ್ಧವಿತ್ತು. ಹುಡುಗಿ ಚಪ್ಪಲಿ ಕಳಚಿಟ್ಟು ದಿಬ್ಬ ಹತ್ತಿ ಕಟ್ಟೆಯ ಮೇಲೆ ಕೂತಳು. ಸೋದರಮಾವ ಎದುರಿಗೆ ನಿಂತು, "ಏನಂತಿಯವ್ವ? ನಿನ್ನ ಮನಸಿನಾಗ ಇದ್ದದ್ದು ಹೇಳು" ಎಂದ. ಅವಳು ತನ್ನ ತಂದೆಯನ್ನು ಒಮ್ಮೆ ನೋಡಿದಳು, ಜೀಪಿನ ಕಡೆ ಒಮ್ಮೆ ನೋಡಿದಳು. ಆಮೇಲೆ, ಜೋರಾಗಿಯೂ ಅಲ್ಲ ಮೆಲ್ಲಗೂ ಅಲ್ಲ, ಎಲ್ಲರಿಗೂ ಕೇಳುವಂತೆ, ಒಲ್ಲೆ ಎಂ‌ದಳು. ತಂದೆ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ವರನ ತಾಯಿ ಸೀರೆಯನ್ನು ಚೀಲಕ್ಕೆ ಹಾಕಿದಳು. ಹಣ್ಣನ್ನು ತಿರುಗಿ ಒಯ್ಯುವುದು ಸರಿಯಲ್ಲವೆಂದು ಅಲ್ಲಿದ್ದವರಿಗೆಲ್ಲ ಹಂಚಿದರು. ಹುಡುಗಿಗೂ ಒಂದು ಬಾಳೆಹಣ್ಣು ಕೊಟ್ಟರು, ಅವಳು ಸುಲಿದು ತಿಂದಳು. ಯಾರೂ ಎರಡನೆಯ ಸಲ ಕೇಳಲಿಲ್ಲ.